ಮಾಥೇರಾನ್ ಹತ್ತುವ ಮೊದಲು ಒಂದು ಲೋಟ ನೀರು

ಕಲ್ಲವ್ವ ಬಾಯಿ ತೆರೆದರೆ ಲೇಡೀಸ್ ಡಬ್ಬಿ ಇಡೀ ನಗುತ್ತದೆ. ನಗದವರು ಒಬ್ಬರೇ, ಠಾಕುರ್ಲಿಯ ಭಾಮಕ್ಕ.

ಅಂಬರನಾಥದಿಂದ ಹೊರಡುವ ಬೆಳಗಿನ ಸ್ಲೋ ಲೋಕಲ್ ರೈಲಿನಲ್ಲಿ ನಾಲ್ವರು ಗೆಳತಿಯರು ದಿನವೂ ಒಟ್ಟಿಗೆ ಹೋಗುತ್ತಾರೆ. ಅಂಬರನಾಥದಲ್ಲೇ ಹತ್ತುವ ಕಲ್ಲವ್ವ ಸೀಟು ಹಿಡಿಯುತ್ತಾಳೆ. ಕಲ್ಯಾಣದಲ್ಲಿ ವೈಶಾಲಿ, ಠಾಕುರ್ಲಿಯಲ್ಲಿ ಭಾಮಕ್ಕ, ಡೊಂಬಿವಲಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಅನಘ. ಮೂವರ ಬೆಂಚಿನಲ್ಲಿ ನಾಲ್ವರು ಒತ್ತಿಕೊಂಡು ಕೂತು ಠಾಣೆಯಲ್ಲಿ ಇಳಿಯುತ್ತಾರೆ. ಕಲ್ಲವ್ವನಿಗೆ ಅಲ್ಲಿ ಹೊಲಿಗೆಯ ಕೆಲಸ, ಅನಘಳಿಗೆ ಬ್ಯಾಂಕು. ವೈಶಾಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಭಾಮಕ್ಕ, ಅಂದರೆ ಸತ್ಯಭಾಮಾ, ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತೆ.

ಲೋಕಲ್ಲಿನ ಹೆಂಗಸರಲ್ಲಿ ಬರೆಯದ ಒಂದು ನಿಯಮವಿದೆ. ಎದ್ದಾಗಿನಿಂದ ಇಳಿಯುವ ಸ್ಟೇಷನ್ನಿನವರೆಗೆ ನೀರು ಕುಡಿಯಬಾರದು. ಗಾಡಿಯಲ್ಲಿ ಶೌಚಾಲಯವಿಲ್ಲ. ದಿವಾ ಹತ್ತಿರ ಸಿಗ್ನಲ್ ಬೀಳದೆ ನಿಂತರೆ ಎಷ್ಟು ಹೊತ್ತೋ ಹೇಳುವವರಿಲ್ಲ. ಊರಿನಿಂದ ಹೊಸದಾಗಿ ಬಂದ ಸೊಸೆಯಂದಿರಿಗೂ ಹಳಬರು ಇದನ್ನೇ ಕಲಿಸುತ್ತಾರೆ: ಪಾಸು ಮರೆಯಬೇಡ, ನೀರು ಕುಡಿಯಬೇಡ.

ಆ ದಿನ ಕಲ್ಲವ್ವ ತನ್ನ ಗಂಡನ ಕಥೆ ತೆಗೆದಿದ್ದಳು. "ಹಾಲ ಗ್ಯಾಸ್ ಮ್ಯಾಲ ಇಟ್ಟೀನಿ, ನೋಡ್ರಿ ಅಂತ ಹೇಳಿ ಜಳಕಕ್ಕ ಹೋದೆ. ಬಂದ್ರ ಹಾಲೆಲ್ಲಾ ಉಕ್ಕಿ ಕಟ್ಟಿ ಮ್ಯಾಲ ಹರದೈತಿ. ಈ ಮನಶ್ಯಾ ಅಲ್ಲೇ ನಿಂತಾನ. ನೋಡ್ಲಿಲ್ಲೇನ್ರಿ ಅಂದ್ರ, 'ನೋಡಿದೆನಲ್ಲ, ನೋಡು ಅಂದಿದ್ದಿ, ಆರ್ಸು ಅಂದಿದ್ದಿಲ್ಲ' ಅಂತಾನ."

ಎದುರಿನ ಬೆಂಚಿನ ಮರಾಠಿ ಹೆಂಗಸರೂ ಅರ್ಥ ಕೇಳಿಕೊಂಡು ನಕ್ಕರು. ಭಾಮಕ್ಕ ಮಾತ್ರ ತುಟಿ ಕಚ್ಚಿ, ಕಾಲ ಮೇಲೆ ಕಾಲು ಬಿಗಿದು, ಕಿಟಕಿಯ ಹೊರಗೆ ನೋಡಿದರು.

"ಭಾಮಕ್ಕಾರು ನಕ್ಕರ ಸರ್ಕಾರ ರಜಾ ಕೊಡ್ತೈತಿ" ಎಂದಳು ಕಲ್ಲವ್ವ.

ಭಾಮಕ್ಕನಿಗೆ ನಗು ಬಾರದೆ ಅಲ್ಲ. ನಕ್ಕರೆ ಸೋರುತ್ತದೆ. ಕೆಮ್ಮಿದರೆ, ಸೀನಿದರೆ, ಅವಸರದಲ್ಲಿ ಸೇತುವೆಯ ಮೆಟ್ಟಿಲು ಇಳಿದರೆ ಬಟ್ಟೆ ಒದ್ದೆಯಾಗುತ್ತದೆ. ಎರಡನೆಯ ಹೆರಿಗೆಯ ನಂತರ ಶುರುವಾದದ್ದು, ಈಗ ಹನ್ನೊಂದು ವರ್ಷ. ಗಂಡನಿಗೂ ಹೇಳಿಲ್ಲ. ಎಲ್ಲರೂ ಏಳುವ ಮೊದಲೇ ತನ್ನ ಬಟ್ಟೆ ತಾನು ಒಗೆದು ಒಣಹಾಕುತ್ತಾರೆ. ಉಡುವುದು ಕಪ್ಪು, ಕಡುನೀಲಿ, ಕಂದು. ಎಲ್ಲಿಗೆ ಹೋದರೂ ಮೊದಲು ಕಣ್ಣು ಹುಡುಕುವುದು ಶೌಚಾಲಯವನ್ನು. ಮದುವೆಮನೆಯಲ್ಲಿ ಬಾಗಿಲ ಬಳಿಯ ಕುರ್ಚಿ, ಊರಿಗೆ ಹೋಗುವ ಬಸ್ಸಿಗೆ ಏನಾದರೊಂದು ನೆಪ. ನಗುವ ಜನರಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದು ಈಗ ಅವರು ಬಿಗುಮಾನದ ಹೆಂಗಸು ಎಂದು ಹೆಸರಾಗಿದ್ದರು.

ಅನಘ ಫೋನು ತೆಗೆದು ಎಲ್ಲರಿಗೂ ಒಂದು ಫೋಟೋ ತೋರಿಸಿದಳು. ಬೆಟ್ಟದ ನೆತ್ತಿ, ಹಂಚಿನ ಲಾಡ್ಜು, ಮುಂದೆ ಉದ್ದ ಜಗಲಿ.

"ಡಿಸೆಂಬರ್‌ನಲ್ಲಿ ಮಾಥೇರಾನ್. ನೇರಲ್‌ವರೆಗೆ ಲೋಕಲ್, ಅಲ್ಲಿಂದ ನಡ್ಕೊಂಡೇ ಹತ್ತೋದು. ಒಂದು ರಾತ್ರಿ ಸ್ಟೇ. ಒಂದೇ ರೂಮು, ನಾಲ್ಕು ಹಾಸಿಗೆ. ಗಂಡಸರು ಬೇಡ, ಮಕ್ಕಳು ಬೇಡ. ಡನ್?"

"ಡನ್" ಎಂದಳು ಕಲ್ಲವ್ವ. ವೈಶಾಲಿಯೂ ತಲೆಯಾಡಿಸಿದಳು.

"ನನಗೆ ಆಗುದಿಲ್ಲ. ಆ ದಿನ ಮನೆಯಲ್ಲಿ ಪೂಜೆ ಉಂಟು" ಎಂದರು ಭಾಮಕ್ಕ.

"ತಾರೀಖ ಇನ್ನೂ ಹೇಳೇ ಇಲ್ರೀ. ಪೂಜಾ ಯಾವಾಗ ಇಟ್ಟೀರಿ?" ಎಂದಳು ಕಲ್ಲವ್ವ.

ಎಲ್ಲರೂ ನಕ್ಕರು. ಭಾಮಕ್ಕನ ಮುಖ ಕೆಂಪಾಯಿತು. ವೈಶಾಲಿ ನಗಲಿಲ್ಲ.

ಮುಂದಿನ ವಾರ ಠಾಣೆಯ ಸೇತುವೆಯ ಮೇಲೆ, ಆ ಜನಜಂಗುಳಿಯ ನಡುವೆ, ಭಾಮಕ್ಕನಿಗೆ ಸೀನು ಬಂತು. ಒಂದಲ್ಲ, ಮೂರು. ಅವರು ನಿಂತಲ್ಲೇ ನಿಂತು ಕೈಚೀಲವನ್ನು ಹಿಂದಕ್ಕೆ ತಂದು ಹಿಡಿದುಕೊಂಡರು. ಜನ ದೂಡಿಕೊಂಡು ಹೋಗುತ್ತಿದ್ದರು. ಆಗ ಯಾರೋ ಅವರ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ಬಂದು ನಿಂತರು. ವೈಶಾಲಿ.

"ನಡ್ರಿ, ನಾ ಹಿಂದ ಅದೀನಿ."

ಸ್ಟೇಷನ್ನಿನ ಶೌಚಾಲಯದವರೆಗೆ ಅವಳು ಹಾಗೇ ಗೋಡೆಯ ಹಾಗೆ ಹಿಂದೆ ನಡೆದಳು. ಭಾಮಕ್ಕ ಹೊರಗೆ ಬಂದಾಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು.

"ಎಷ್ಟ ವರ್ಷಾತ್ರಿ?"

ಸುಳ್ಳು ಹೇಳಲು ಭಾಮಕ್ಕನಿಗೆ ಶಕ್ತಿ ಇರಲಿಲ್ಲ. "ಹನ್ನೊಂದು."

"ಯಾರಿಗೂ ಹೇಳಿಲ್ಲ?"

"ಎಂತ ಹೇಳುದು? ಎರಡು ಹೆತ್ತವಳಿಗೆ ಇದು ಇದ್ದದ್ದೇ ಅಲ್ವಾ? ಪ್ರಾಯವೂ ಆಯ್ತು."

"ಇದ್ದದ್ದು ಖರೆ. ಹತ್ತು ಮಂದಿ ಹೆಂಗಸ್ರು ಕುಂತಲ್ಲಿ ಇಬ್ರು ಮೂವರಿಗೆ ಇರ್ತೈತಿ. ಆದ್ರ ಇದ್ದದ್ದೇ ಅಂತ ಸುಮ್ಮ ಇರೂದ್ಯಾಕ? ಹಲ್ಲ ನೋವೂ ಎಲ್ಲಾರಿಗೂ ಬರ್ತೈತಿ. ತೋರಿಸ್ತೀರೋ ಇಲ್ಲೋ?"

ಭಾಮಕ್ಕ ಅವಳ ಪಕ್ಕ ಕೂತು ಕೈಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಒಂದ ಕೇಳ್ತೀನಿ. ಮನಿ ಬಿಡೂ ಮುಂಚೆ ಎಷ್ಟ ಸಲ ಒಂದಕ್ಕ ಹೋಗ್ತೀರಿ?"

"ಮೂರು. ಬರದಿದ್ರೂ ಹೋಗುದು. ದಾರಿಯಲ್ಲಿ ಬಂದ್ರೆ ಕಷ್ಟ ಅಂತ."

"ನೀರು?"

"ನೀರು ಕುಡಿದ್ರೆ ಮುಗೀತು. ಹತ್ತೂವರೆಗೆ ಶಾಲೆಯಲ್ಲಿ ಒಂದು ಚಾ. ಮತ್ತೆ ಊಟಕ್ಕೆ ಒಂದು ಲೋಟ."

ವೈಶಾಲಿ ಹಣೆಗೆ ಕೈ ಹಚ್ಚಿಕೊಂಡಳು. "ನಮ್ಮ ಟ್ರೇನಿನ ಹೆಂಗಸ್ರದು ಇದ ದೊಡ್ಡ ತಪ್ಪು ನೋಡ್ರಿ. ನೀರ ಕಡಿಮಿ ಆದ್ರ ಉಚ್ಚಿ ಗಟ್ಟಿ ಆಗ್ತೈತಿ. ಗಟ್ಟಿ ಆದದ್ದು ಒಳಗಿನ ಉಚ್ಚಿ ಚೀಲಕ್ಕ ಉರಿ ಹಚ್ತೈತಿ, ಆಗ ಅದು ಇನ್ನೂ ಅವಸರ ಮಾಡ್ತೈತಿ. ಮ್ಯಾಲ ನೀವು ಬರದಿದ್ರೂ ಹೋಗಿ ಹೋಗಿ ಅದಕ್ಕ ಚಟಾ ಹಚ್ಚೀರಿ. ಒಂದ ಸ್ವಲ್ಪ ತುಂಬಿದ್ರೂ ಕರೀತೈತಿ. ಇನ್ನ ಕೆಳಗ ಅದನ್ನ ಹಿಡ್ಕೊಂಡಿರೂ ಸ್ನಾಯು, ಎರಡು ಹೆರಿಗ್ಯಾಗ ಸಡಿಲ ಆಗೈತಿ. ಕೈಗೆ ಕಾಲಿಗೆ ಕಸರತ್ತು ಇದ್ದಂಗ ಅದಕ್ಕೂ ಐತಿ. ಮೊದಲ ಡಾಕ್ಟ್ರಿಗೆ ತೋರಿಸ್ರಿ. ಆಮ್ಯಾಲ ಮೂರು ತಿಂಗಳ ನನ್ನ ಮಾತ ಕೇಳ್ರಿ."

"ಹೇಗೂ ಗುಣ ಆಗುದಿಲ್ಲ ಮಾರಾಯ್ತಿ. ನನ್ನ ಅತ್ತೆಗೂ..." ಎಂದು ಶುರುಮಾಡಿದ ಭಾಮಕ್ಕ ಅಲ್ಲೇ ನಿಲ್ಲಿಸಿದರು. ಅತ್ತೆಯದು ತನಗೆ ಗೊತ್ತಿದೆ ಎಂದು ಅತ್ತೆಗೆ ಗೊತ್ತಿರಲಿಲ್ಲ.

"ಡಿಸೆಂಬರಿಗೆ ಸರಿ ಮೂರು ತಿಂಗಳ ಅದಾವ" ಎಂದಳು ವೈಶಾಲಿ. "ನಾಲ್ಕನೇ ಹಾಸಿಗಿ ಖಾಲಿ ಇಡಸ್ತೀನಿ."

ಶನಿವಾರ ಭಾಮಕ್ಕ ವೈಶಾಲಿಯ ಆಸ್ಪತ್ರೆಗೆ ಹೋದರು. ಲೇಡಿ ಡಾಕ್ಟರು ತಾವೇ ಪರೀಕ್ಷಿಸಿ ನೋಡಿ, ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸಿದರು. ಸೋಂಕಿಲ್ಲ, ಸಕ್ಕರೆ ಇಲ್ಲ, ಗರ್ಭಕೋಶ ಜಾರಿಲ್ಲ. ಯಾವ ಸ್ನಾಯುವನ್ನು ಹೇಗೆ ಎಳೆಯಬೇಕು ಎಂಬುದನ್ನು ಹೇಳಿಕೊಟ್ಟರು. "ದಿನಾ ಇಂಥವರು ಬರುತ್ತಾರಮ್ಮ. ಬಾರದೆ ಮನೆಯಲ್ಲಿ ಕೂತವರು ಅದಕ್ಕಿಂತ ಹೆಚ್ಚು" ಎಂದರು. ಹನ್ನೊಂದು ವರ್ಷ ಎದೆಯಲ್ಲಿಟ್ಟುಕೊಂಡ ಮಾತು ಇಪ್ಪತ್ತು ನಿಮಿಷದಲ್ಲಿ ಮುಗಿದದ್ದು ಕಂಡು ಭಾಮಕ್ಕನಿಗೆ ಮೊದಲು ಸಮಾಧಾನ, ಆಮೇಲೆ ತನ್ನ ಮೇಲೆಯೇ ಸಿಟ್ಟು ಬಂತು.

ಮನೆಯಲ್ಲಿ ಡಾಕ್ಟರ ಚೀಟಿ ಮೊದಲು ನೋಡಿದವರು ಅತ್ತೆ ರತ್ನಾವತಿಯಮ್ಮ. ಅವರಿಗೆ ಎಪ್ಪತ್ತನಾಲ್ಕು. ಕನ್ನಡಕ ಏರಿಸಿ, ಇಳಿಸಿ, ವಿಷಯ ಕೇಳಿ ತಿಳಿದುಕೊಂಡರು.

"ಇಂಥದ್ದಕ್ಕೆಲ್ಲ ಡಾಕ್ಟ್ರಾ? ನಾವು ಆರು ಹೆತ್ತವರು. ಇದನ್ನೆಲ್ಲ ಊರಿಗೆ ಸಾರಿಕೊಂಡು ಹೋಗಿದ್ದೇವಾ? ಕೂತು ಎಳೆದು ಬಿಡುದಂತೆ, ಎಣಿಸುದಂತೆ. ಸುಮ್ನೆ ಮಂಗ ಮಾಡಿ ಕಳಿಸಿದ್ದಾರೆ."

"ಅಜ್ಜಿ, ಯೇ ನಾರ್ಮಲ್ ಹೈ. ಕಾಲೇಜ್ ಮೇ ಭೀ ಬತಾಯಾ ಥಾ" ಎಂದಳು ಮಗಳು ನಿಶ್ಮಿತಾ, ಫೋನಿನಿಂದ ತಲೆ ಎತ್ತದೆ.

"ನೀನು ಸುಮ್ಮನಿರು. ನಿನ್ನ ಕಾಲೇಜಿನಲ್ಲಿ ಅಡುಗೆ ಒಂದು ಬಿಟ್ಟು ಎಲ್ಲ ಹೇಳಿಕೊಡ್ತಾರೆ."

ಗಂಡ ಕಿಟ್ಟಣ್ಣ ಶಹಾಡಿನ ಒಂದು ಕಾರ್ಖಾನೆಯ ಕ್ಯಾಂಟೀನು ನಡೆಸುವವರು. ಎಲ್ಲ ಒಳಗೆ ಹೋದ ಮೇಲೆ ಚೀಟಿಯನ್ನು ಮಡಚಿ ಹೆಂಡತಿಯ ಕೈಗೆ ಕೊಟ್ಟರು.

"ನಮ್ಮ ತಂಗಿ ಮಗಳ ಮದುವೆಯಲ್ಲಿ ನೀನು ಅರ್ಧದಲ್ಲೇ ಎದ್ದು ಬಂದದ್ದು ಇದಕ್ಕಾ?"

"ಹೌದು."

"ನಾನು ಎಣಿಸಿದ್ದು ನಿನಗೆ ನನ್ನ ಜನ ಆಗುದಿಲ್ಲ ಅಂತ. ಐದು ವರ್ಷ ಅದೇ ಎಣಿಸಿದ್ದೆ."

ಭಾಮಕ್ಕ ಅಂದು ಅತ್ತರು. ಒದ್ದೆ ಬಟ್ಟೆಯ ನಾಚಿಕೆ ತನ್ನೊಬ್ಬಳದೆಂದು ತಿಳಿದಿದ್ದರು. ಅದು ತನ್ನ ಸುತ್ತಲಿನವರಲ್ಲಿ ಎಷ್ಟು ತಪ್ಪು ತಿಳಿವಳಿಕೆ ಬಿತ್ತಿದೆ ಎಂದು ಯೋಚಿಸಿರಲಿಲ್ಲ.

ಕಸರತ್ತು ಶುರುವಾಯಿತು. ಅದಕ್ಕೆ ಚಾಪೆ ಬೇಡ, ಜಾಗ ಬೇಡ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆದು ಹಿಡಿಯುವ ಹಾಗೆ ಒಳಗಿನ ಸ್ನಾಯುವನ್ನು ಮೇಲಕ್ಕೆ ಎಳೆಯಬೇಕು. ಐದು ಎಣಿಸುವವರೆಗೆ ಹಿಡಿಯಬೇಕು. ಪೂರ್ತಿ ಸಡಿಲ ಬಿಟ್ಟು ಮತ್ತೆ ಐದು ಎಣಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು. ಭಾಮಕ್ಕ ಬೆಳಗಿನ ಸರದಿಯನ್ನು ಲೋಕಲ್ಲಿನಲ್ಲೇ ಮುಗಿಸುತ್ತಿದ್ದರು. ಡೊಂಬಿವಲಿ ಬಿಟ್ಟರೆ ಶುರು, ದಿವಾ ಬರುವಷ್ಟರಲ್ಲಿ ಮುಗಿಯುತ್ತಿತ್ತು. ಪಕ್ಕದವರಿಗೆ ಏನೂ ತಿಳಿಯುತ್ತಿರಲಿಲ್ಲ. ವೈಶಾಲಿಗೆ ಮಾತ್ರ ತಿಳಿಯುತ್ತಿತ್ತು.

"ಹುಬ್ಬ ಏರಿಸಬ್ಯಾಡ್ರಿ" ಎಂದು ಕಿವಿಯಲ್ಲಿ ಹೇಳುತ್ತಿದ್ದಳು. "ಎಳೀಬೇಕಾದ್ದು ಹುಬ್ಬಲ್ಲ."

ನೀರಿನದು ಇನ್ನೂ ಕಷ್ಟ. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಎಂದಿದ್ದಳು ವೈಶಾಲಿ. ಮೊದಲ ದಿನ ಅದನ್ನು ವಿಷದ ಹಾಗೆ ಗುಟುಕು ಗುಟುಕಾಗಿ ಇಳಿಸಿದರು. ಹೊರಡುವ ಮೊದಲು ಮೂರು ಸಲ ಹೋಗುವುದನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದರು. ಚಹಾ ಅರ್ಧ ಮಾಡಿದರು.

ತಿಂಗಳು ಕಳೆಯಿತು, ಏನೂ ಬದಲಾಗಲಿಲ್ಲ. ಐದನೆಯ ವಾರ ಮುಂಬ್ರಾ ದಾಟುವಾಗ ಕೆಮ್ಮು ಹತ್ತಿ ಎಂದಿನ ಹಾಗೆ ಒದ್ದೆಯಾಯಿತು. ಭಾಮಕ್ಕ ಠಾಣೆಯಲ್ಲಿ ಇಳಿದವರೇ ವೈಶಾಲಿಯನ್ನು ಪಕ್ಕಕ್ಕೆ ಕರೆದು, "ಸಾಕು. ಅತ್ತೆ ಹೇಳಿದ್ದೇ ಸರಿ" ಎಂದರು.

"ಕೆಮ್ಮು ಬರೂದು ಗೊತ್ತಾತಿಲ್ಲ? ಬರೂಕಿಂತ ಮೊದಲ ಬಿಗಿ ಹಿಡಿದ್ರೇನು?"

"ಇಲ್ಲ. ನೆನಪಾಗಲಿಲ್ಲ."

"ಐದು ವಾರ ಗುದ್ದಲಿ ಚೂಪ ಮಾಡೀರಿ. ಅಗಿಯೂ ಹೊತ್ತಿನ್ಯಾಗ ಮನ್ಯಾಗ ಬಿಟ್ಟ ಬಂದೀರಿ. ಕೆಮ್ಮು, ಸೀನು, ನಗಿ, ಭಾರ ಎತ್ತೂದು. ಎಲ್ಲಾದಕ್ಕೂ ಮೊದಲ ಬಿಗಿ, ಆಮ್ಯಾಲ ಕೆಲಸ. ಹನ್ನೊಂದ ವರ್ಷ ಕಾದೀರಿ, ಇನ್ನ ಏಳು ವಾರ ಕಾಯಾಕ ಆಗೂದಿಲ್ಲ?"

ಭಾಮಕ್ಕ ಅಂದಿನಿಂದ ಸೀನಿಗೂ ಪಾಠ ಕಲಿಸಿದರು. ಒಗ್ಗರಣೆ ಹಾಕುವ ಮೊದಲು ಬಿಗಿ ಹಿಡಿದು ನಿಲ್ಲುತ್ತಿದ್ದರು, ಘಾಟು ಏರಿದರೆ ಕೆಮ್ಮು ಬರುತ್ತದಲ್ಲ. ಎಂಟನೆಯ ವಾರ ಒಂದು ಸಂಜೆ ಠಾಕುರ್ಲಿಯ ಸೇತುವೆ ಇಳಿದು ಮನೆಗೆ ಬಂದು ನೋಡಿದರೆ ಬಟ್ಟೆ ಒಣಗಿಯೇ ಇತ್ತು. ನಾಳೆಯದು ನಾಳೆ ಎಂದುಕೊಂಡರು. ನಾಳೆಯೂ ಒಣಗಿಯೇ ಇತ್ತು.

ಆ ವಾರವೇ ಅಡುಗೆಮನೆಯಲ್ಲಿ ಭಾಮಕ್ಕ ತೆಂಗಿನಕಾಯಿ ತುರಿಯುತ್ತಿದ್ದಾಗ ರತ್ನಾವತಿಯಮ್ಮ ಬಂದು ಬಾಗಿಲಿಗೆ ಒರಗಿ ನಿಂತರು.

"ಆ ಎಣಿಸುದು ಎಷ್ಟರವರೆಗೆ ಅಂದ್ಲು ಆ ನರ್ಸು?"

"ಐದರವರೆಗೆ, ಅತ್ತೆ. ಕೂತುಕೊಂಡೇ ಮಾಡ್ಬಹುದು. ಮಲಗಿದ್ರೆ ಇನ್ನೂ ಸುಲಭ."

"ನನಗಲ್ಲ. ಸುಮ್ನೆ ಕೇಳಿದೆ." ಒಂದು ಚಿಟಿಕೆ ಕಾಯಿತುರಿ ಬಾಯಿಗೆ ಹಾಕಿಕೊಂಡರು. "ನಾಲ್ಕು ಗಂಟೆಯ ಮೇಲೆ ನಾನು ನೀರು ಮುಟ್ಟದೆ ಹದಿನೆಂಟು ವರ್ಷ ಆಯ್ತು. ದೇವಸ್ಥಾನಕ್ಕೂ ಹೋಗುದು ಬಿಟ್ಟೆ. ಮೈಲಿಗೆ ಆದ್ರೆ ಅಂತ. ನೀನು ನನ್ನನ್ನು ಆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಬೇಕು. ಕಿಟ್ಟನಿಗೆ ಹೇಳ್ಬೇಡ."

"ಅವ್ರೇ ರಿಕ್ಷಾ ತರ್ತಾರೆ, ಅತ್ತೆ" ಎಂದರು ಭಾಮಕ್ಕ.

ಡಿಸೆಂಬರಿನ ಎರಡನೆಯ ಶನಿವಾರ. ಹೊರಡುವ ಮೊದಲು ಕಿಟ್ಟಣ್ಣ ನೀರಿನ ಬಾಟಲಿ ತುಂಬಿ ಕೊಟ್ಟರು. "ಖಾಲಿ ಮಾಡಿ ಬರಬೇಕು" ಎಂದರು.

ನೇರಲ್‌ನಲ್ಲಿ ಇಳಿದಾಗ ಬೆಟ್ಟ ತಲೆಯ ಮೇಲೆ ಗೋಡೆಯ ಹಾಗೆ ನಿಂತಿತ್ತು. ಕಲ್ಲವ್ವ ತಲೆ ಎತ್ತಿ ನೋಡಿ, "ಫೋಟೋದಾಗ ಇಷ್ಟ ಉದ್ದ ಇದ್ದಿದ್ದಿಲ್ಲ" ಎಂದಳು. ಕಾಲುದಾರಿ ಹಿಡಿದರು. ಮೊದಲ ಏರಿನಲ್ಲೇ ಭಾಮಕ್ಕನ ಎದೆ ಬಡಿದುಕೊಂಡಿತು. ಏರು ಅಲ್ಲ ಕಾರಣ. ಮುಂದೆ ನಾಲ್ಕು ತಾಸು ಎಲ್ಲಿಯೂ ಬಾಗಿಲು ಹಾಕಿಕೊಳ್ಳುವ ಜಾಗವಿಲ್ಲ ಎಂಬ ಹಳೆಯ ಲೆಕ್ಕ ತಲೆಯಲ್ಲಿ ತಾನಾಗಿ ಓಡುತ್ತಿತ್ತು. ಒಂದು ಬಂಡೆಯ ಬಳಿ ನಿಂತರು. ಹಿಂದೆ ತಿರುಗಿದರೆ ಸ್ಟೇಷನ್ನು ಇನ್ನೂ ಕಾಣುತ್ತಿತ್ತು.

ವೈಶಾಲಿ ತನ್ನ ಬಾಟಲಿ ತೆಗೆದು ನೀರು ಕುಡಿದಳು. ಭಾಮಕ್ಕ ತಮ್ಮ ಬಾಟಲಿ ತೆಗೆದರು. ಗಟಗಟ ಅರ್ಧ ಕುಡಿದು ಬಾಯಿ ಒರೆಸಿಕೊಂಡು ಮುಂದೆ ನಡೆದರು.

ಕಲ್ಲಿನ ಮೇಲೆ ಕಾಲಿಡುವಾಗ ಮೊದಲು ಬಿಗಿ, ಆಮೇಲೆ ಹೆಜ್ಜೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಅದು ನೆನಪಿಸಿಕೊಳ್ಳುವ ಕೆಲಸವಾಗಿ ಉಳಿದಿರಲಿಲ್ಲ. ದಸ್ತೂರಿಯಲ್ಲಿ, ಕಾರುಗಳೆಲ್ಲ ನಿಲ್ಲುವ ಜಾಗದಲ್ಲಿ, ನಾಲ್ವರೂ ಶೌಚಾಲಯಕ್ಕೆ ಹೋಗಿ ಬಂದರು. ಭಾಮಕ್ಕ ಹೋದದ್ದು ಬಂದಿತ್ತೆಂದು, ಬಂದೀತೆಂದಲ್ಲ. ಒಳಗೆ ನೋಡಿಕೊಂಡರು. ಒಂದು ಹನಿಯೂ ಇಲ್ಲ. ಹೊರಗೆ ಬಂದು ವೈಶಾಲಿಯ ಕಡೆ ನೋಡಿ ತಲೆಯಾಡಿಸಿದರು. ವೈಶಾಲಿ ತಿರುಗಿ ಕಣ್ಣೊರೆಸಿಕೊಂಡು, ಧೂಳು ಬಿತ್ತೆಂದಳು.

ಕೆಂಪು ಮಣ್ಣಿನಲ್ಲಿ, ಪುಟ್ಟ ರೈಲಿನ ಹಳಿಯ ಪಕ್ಕ ನಡೆದು ಲಾಡ್ಜು ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಕೋಣೆಯಲ್ಲಿ ಸಾಲಾಗಿ ನಾಲ್ಕು ಹಾಸಿಗೆ.

"ಭಾಮಕ್ಕ, ನಿಮಗೆ ಬಾತ್‌ರೂಮ್ ಪಕ್ಕದ್ದು ಬೇಕಾ?" ಎಂದು ಅನಘ ಕೇಳಿದಳು. ದೊಡ್ಡವರೆಂಬ ಗೌರವಕ್ಕೆ ಕೇಳಿದ್ದು, ಅಷ್ಟೇ.

"ಬೇಡ" ಎಂದು ಭಾಮಕ್ಕ ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಚೀಲ ಇಟ್ಟರು. "ನನಗೆ ಇದು."

ಸಂಜೆ ಜಗಲಿಯ ಉದ್ದ ಬೆಂಚಿನಲ್ಲಿ, ಲೋಕಲ್ಲಿನಲ್ಲಿ ಕೂರುವ ಹಾಗೆಯೇ ಒತ್ತಿಕೊಂಡು ಕೂತರು. ಕಣಿವೆಯ ಆಚೆ ಸೂರ್ಯ ಇಳಿಯುತ್ತಿದ್ದ. ಭಾಮಕ್ಕ ಯಾರೂ ಕೇಳದೆ ಮಾತು ಶುರುಮಾಡಿದರು. "ಆ ದಿನ ಪೂಜೆ ಎಂತದೂ ಇರಲಿಲ್ಲ" ಎಂದು ಶುರುಮಾಡಿ, ಸೇತುವೆ, ಸೀನು, ಡಾಕ್ಟರು, ಅತ್ತೆ, ಎಲ್ಲವನ್ನೂ ಹೇಳಿದರು. ದನಿ ಎಲ್ಲಿಯೂ ತಗ್ಗಲಿಲ್ಲ.

ಕಲ್ಲವ್ವ ಮೊದಲ ಬಾರಿಗೆ ಗಂಭೀರಳಾದಳು. "ನಾ ನಿಮ್ಮನ್ನ ಎಷ್ಟ ಕಾಡಸೀನಲ್ರೀ."

"ನೀನು ಕಾಡಿಸಿದ್ದಕ್ಕೇ ಬಂದೆ ಮಾರಾಯ್ತಿ. ನಿನ್ನ ಗಂಡನ ಹಾಲಿನ ಕಥೆಗೆ ನಾನು ಇನ್ನೂ ನಗ್ಲಿಕ್ಕೆ ಬಾಕಿ."

ಅನಘ ಕಾಲಬೆರಳು ನೋಡುತ್ತಿದ್ದಳು. "ಅಕ್ಕ, ನನಗೂ. ಡೆಲಿವರಿ ಆಗಿ ಹದಿನಾಲ್ಕು ತಿಂಗಳು. ಜಿಮ್ ಬಿಟ್ಟಿದ್ದು ಟೈಮ್ ಇಲ್ಲ ಅಂತ ಅಲ್ಲ."

"ಹಾಗಾದ್ರೆ ಈಗಲೇ ಶುರು" ಎಂದರು ಭಾಮಕ್ಕ. "ಬೆನ್ನು ನೇರ. ಉಸಿರು ಬಿಡ್ತಾ ಇರಿ. ಮೇಲಕ್ಕೆ ಎಳೀರಿ. ಒಂದು, ಎರಡು... ಕಲ್ಲವ್ವ, ಹುಬ್ಬು ಏರಿಸ್ಬೇಡ."

ನಾಲ್ವರು ಹೆಂಗಸರು ಸಾಲಾಗಿ, ಅಲುಗಾಡದೆ, ಕಣಿವೆಯನ್ನೇ ದಿಟ್ಟಿಸುತ್ತ ಕೂತರು. ಚಹಾ ತಂದ ಲಾಡ್ಜಿನ ಮ್ಯಾನೇಜರು ಟ್ರೇ ಹಿಡಿದು ಹಾಗೇ ನಿಂತ. ನೋಡಿದ. ಚಪ್ಪಲಿ ಬಿಟ್ಟು ಮೆಲ್ಲಗೆ ಹತ್ತಿರ ಬಂದ.

"ಪ್ರಾರ್ಥನಾ ಚಾಲೂ ಹೈ ಕ್ಯಾ, ಮೌಶಿ? ಮೈ ಬಾದ್ ಮೇ ಆತಾ ಹೂಂ" ಎಂದು ಪಿಸುಗುಟ್ಟಿ, ಪ್ರಾರ್ಥನೆ ಮುಗಿದ ಮೇಲೆ ಬರುವವನ ಹಾಗೆ ಹೆಜ್ಜೆ ಹಿಂದಿಟ್ಟ.

ಮೊದಲು ನಕ್ಕವರು ಭಾಮಕ್ಕ. ಬಾಯಿಗೆ ಸೆರಗು ಹಿಡಿಯಲಿಲ್ಲ, ಕಾಲು ಹೆಣೆಯಲಿಲ್ಲ. ತಲೆ ಹಿಂದಕ್ಕೆ ಹಾಕಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಉಳಿದ ಮೂವರು ತಮ್ಮ ನಗು ನಿಲ್ಲಿಸಿ ಅವರನ್ನೇ ನೋಡಿದರು. ಒಂದೇ ಬೆಂಚಿನಲ್ಲಿ ಕಳೆದ ಒಂಬತ್ತು ವರ್ಷದಲ್ಲಿ ಭಾಮಕ್ಕನ ನಗುವಿನ ಸದ್ದು ಹೇಗಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಅದು ದೊಡ್ಡದಾಗಿತ್ತು, ಸ್ವಲ್ಪ ಒರಟಾಗಿತ್ತು, ಕಣಿವೆಯವರೆಗೂ ಕೇಳುವಂತಿತ್ತು.

ಭಾಮಕ್ಕ ಎದ್ದು ನಿಂತು ಸೀರೆ ಕೊಡವಿದರು. "ಒಣಗಿಯೇ ಉಂಟು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಮ್ಯಾನೇಜರನ ಕೈಯಿಂದ ಚಹಾ ತೆಗೆದುಕೊಂಡರು.

ಅಕ್ಕ, ಅಮ್ಮ, ತಂಗಿ, ಇದನ್ನು ಓದುತ್ತಿರುವ ನಿಮಗೂ ನಕ್ಕಾಗ, ಕೆಮ್ಮಿದಾಗ ಹೀಗೆ ಆಗುತ್ತಿದ್ದರೆ ನಾಚಬೇಡಿ. ಇದು ನಿಮ್ಮ ತಪ್ಪಲ್ಲ, ನಿಮ್ಮೊಬ್ಬರದೂ ಅಲ್ಲ. ನೀರು ಬಿಡುವುದು ಇದಕ್ಕೆ ಮದ್ದಲ್ಲ. ದಿನಕ್ಕೆ ಆರೆಂಟು ಲೋಟ ಕುಡಿಯಿರಿ, ಬರದಿದ್ದರೂ ಹೋಗುವ ಅಭ್ಯಾಸವನ್ನು ಮೆಲ್ಲನೆ ಬಿಡಿ. ಒಮ್ಮೆ ಡಾಕ್ಟರರಿಗೆ ತೋರಿಸಿ, ಕಸರತ್ತು ಸರಿಯಾಗಿ ಕಲಿತು ಮೂರು ತಿಂಗಳು ಬಿಡದೆ ಮಾಡಿ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ. ಉರಿ, ನೋವು, ಜ್ವರ, ಮೂತ್ರದಲ್ಲಿ ರಕ್ತ ಇದ್ದರೆ, ಅಥವಾ ಕೆಳಗೆ ಏನೋ ಜಾರಿದಂತೆ ಅನಿಸಿದರೆ ಒಂದು ದಿನವೂ ಕಾಯಬೇಡಿ. ಕಸರತ್ತಿನಿಂದ ಪೂರ್ತಿ ಗುಣವಾಗದಿದ್ದರೆ ಬೇರೆ ಚಿಕಿತ್ಸೆಗಳೂ ಇವೆ, ಕೇಳಿ.

ಈ ಹಾಳೆಯನ್ನು ಮಡಚಿ ಒಳಗಿಡಬೇಡಿ. ನಾಳೆ ನಿಮ್ಮ ಪಕ್ಕದ ಸೀಟಿನಲ್ಲಿ ತುಟಿ ಕಚ್ಚಿ ಕೂತವರ ಕೈಗೆ ಕೊಡಿ.